ಹಾಸನದಲ್ಲಿ ಒಂದು ವರ್ಷದ ಮೆಡಿಕಲ್ ಅಸಿಸ್ಟೆಂಟ್ ಕೋರ್ಸ್: ಸೇರಬಹುದೇ?

ಪ್ರಶ್ನೆ: ಬಣಕಲ್ ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮೂಡಿಗೆರೆ ತಾಲ್ಲೂಕಿನ ಬಣಕಲ್ ಹತ್ತಿರ. ಅಪ್ಪ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು. ಈ ವರ್ಷ ದ್ವಿತೀಯ ಪಿಯುಸಿ ಮುಗಿಸಿದೆ, ಕಲಾ ವಿಭಾಗ, ಶೇಕಡಾ 71. ಎಸ್‌ಎಸ್‌ಎಲ್‌ಸಿಯಲ್ಲಿ ವಿಜ್ಞಾನಕ್ಕೆ 84 ಬಂದಿತ್ತು. ಆದರೆ ಆಗ ಅಜ್ಜಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ಅಮ್ಮ ಕಾಫಿ ಹಣ್ಣು ಕೊಯ್ಯಲು ಹೋದರೆ ಮನೆಯಲ್ಲಿ ನಾನೇ ಇರಬೇಕಿತ್ತು. ಲ್ಯಾಬು, ಟ್ಯೂಷನ್ನು ಎಂದು ಸಂಜೆಯವರೆಗೆ ಹೊರಗೆ ಉಳಿಯುವ ವಿಭಾಗ ಬೇಡವೆಂದು ಕಲೆ ತೆಗೆದುಕೊಂಡೆ. ಅಜ್ಜಿಯನ್ನು ಹೊರಳಿಸುವುದು, ಮೈ ಒರೆಸುವುದು, ಮೂಗಿನ ಕೊಳವೆಯಲ್ಲಿ ಗಂಜಿ ಹಾಕುವುದು ಎಲ್ಲ ನನ್ನ ಪಾಲಿಗೆ ಬಂದಿತ್ತು. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಆಸ್ಪತ್ರೆಯ ಕೆಲಸವನ್ನೇ ಕಲಿಯಬೇಕೆಂಬ ಆಸೆ ಬಂದದ್ದು ಹೀಗೆ.

ಹಾಸನದಲ್ಲಿ ಒಂದು ಕೆರಿಯರ್ ಕಾಲೇಜಿದೆ. ಹೆಸರು ಇಲ್ಲಿ ಬರೆಯುವುದಿಲ್ಲ. ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಾಲ್ಕು ಕೋಣೆ. ಒಂದರಲ್ಲಿ ಆಸ್ಪತ್ರೆ ಮಂಚ, ಮಂಚದ ಮೇಲೆ ಪ್ಲಾಸ್ಟಿಕ್ ಬೊಂಬೆ, ಪಕ್ಕದಲ್ಲಿ ಬಿಪಿ ನೋಡುವ ಯಂತ್ರ. ಒಂದು ವರ್ಷದ ಮೆಡಿಕಲ್ ಅಸಿಸ್ಟೆಂಟ್ ಕೋರ್ಸ್, ಶುಲ್ಕ 72,000, ಎರಡು ಕಂತು. ಕೆಲಸ ಖಚಿತ ಎನ್ನುತ್ತಾರೆ, ವಿದೇಶಕ್ಕೂ ಹೋಗಬಹುದು ಎನ್ನುತ್ತಾರೆ. ನನ್ನ ಅತ್ತೆಯ ಮಗಳು ಟೆಕ್ಸಾಸ್‌ನಲ್ಲಿ ಇದೇ ಹೆಸರಿನ ಕೆಲಸದಲ್ಲಿದ್ದಾಳೆ, ಚೆನ್ನಾಗಿಯೇ ಇದ್ದಾಳೆ. ಹಾಗಾಗಿ ಅಪ್ಪನಿಗೂ ನಂಬಿಕೆ ಬಂದಿದೆ. ಬರುವ ಶನಿವಾರದೊಳಗೆ ಮೊದಲ ಕಂತು ಕಟ್ಟಿ ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿಯ ಮೂಲ ಅಂಕಪಟ್ಟಿ ಕೊಡಬೇಕಂತೆ, ಇಲ್ಲವಾದರೆ ಸೀಟು ಬೇರೆಯವರಿಗೆ ಹೋಗುತ್ತದೆಯಂತೆ.

ಸೇರಬಹುದೇ? ಕಲಾ ವಿಭಾಗದವಳಿಗೆ ಬೇರೆ ದಾರಿ ಏನಾದರೂ ಇದೆಯೇ? ತಿಳಿದವರು ದಯವಿಟ್ಟು ಹೇಳಿ.


ಉತ್ತರ: ನೇರಳೆ ಮುಚ್ಚಳ, ಹಾಸನ

ತಂಗಿ, ಶನಿವಾರ ಹಣ ಕಟ್ಟಬೇಡ. ಮೊದಲ ಮಾತು ಇದು. ಉಳಿದದ್ದನ್ನು ನಿಧಾನವಾಗಿ ಓದು, ಅಪ್ಪನಿಗೂ ಓದಿ ಹೇಳು. ನನ್ನ ಮಗಳ ವಯಸ್ಸಿನವಳಾದ್ದರಿಂದ ನೀನು ಎಂದೇ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ನಾನು ಹಾಸನದ ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಹೊಸಬರು ಕೆಲಸಕ್ಕೆ ಬಂದರೆ ಅವರ ಕೈ ನೋಡುವ ಜವಾಬ್ದಾರಿ ನನ್ನದು. ಅಂಕಪಟ್ಟಿಯನ್ನು ಮಾಲೀಕರು ನೋಡುತ್ತಾರೆ, ನಾನು ಕೈ ನೋಡುತ್ತೇನೆ. ನೀನು ಹೇಳುವಂಥದ್ದೇ ಒಂದು ವರ್ಷದ ಕೋರ್ಸ್ ಮುಗಿಸಿದ ಹುಡುಗಿಯೊಬ್ಬಳು ಹಿಂದೆ ಬಂದಿದ್ದಳು. ಕಾಲೇಜು ಬೇರೆ ಊರಿನದು. ಬೆಳಿಗ್ಗೆ ಏಳಕ್ಕೆಲ್ಲ ಆಲೂರು, ಅರಕಲಗೂಡು ಕಡೆಯಿಂದ ಮೊದಲ ಬಸ್ಸಿಗೆ ಬಂದವರು ಬರಿಹೊಟ್ಟೆಯಲ್ಲಿ ಸಾಲಾಗಿ ಕುಳಿತಿರುತ್ತಾರೆ. ಆ ಹೊತ್ತಿನಲ್ಲಿ ಅವಳಿಗೆ ಒಬ್ಬ ಹಿರಿಯರ ರಕ್ತ ತೆಗೆಯಲು ಹೇಳಿದೆ.

ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. ಬಿಗಿದು ಟ್ಯೂಬಿನ ಮೇಲೆ ಹೆಸರು ಬರೆಯಲು ಮೇಜಿನ ಕಡೆಗೆ ಹೋದಳು. ಬಂದು ಸೂಜಿ ಹುಡುಕಿದಳು. ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿರಬಾರದು, ಬಿಗಿದಷ್ಟೂ ಅಲ್ಲಿಯ ರಕ್ತದ ಗುಣ ಬದಲಾಗುತ್ತದೆ ಎಂದು ಹೇಳಿ ಬಿಚ್ಚಿಸಿದೆ. ಎರಡನೆಯ ಸಲ ಸರಿಯಾಗಿ ಚುಚ್ಚಿದಳು. ಧೈರ್ಯವಿತ್ತು, ಅದನ್ನು ಒಪ್ಪುತ್ತೇನೆ. ನೇರಳೆ ಮುಚ್ಚಳದ ಟ್ಯೂಬು ತುಂಬಿತು, ಕೆಂಪು ಮುಚ್ಚಳದ್ದಕ್ಕೆ ರಕ್ತ ಸಾಲಲಿಲ್ಲ. ನಾನು ಬೇರೆ ರೋಗಿಯ ಕಡೆಗೆ ತಿರುಗಿದ್ದಾಗ ನೇರಳೆಯದರಿಂದ ಕೆಂಪಿಗೆ ಸ್ವಲ್ಪ ಸುರಿದು ಅಳತೆ ಸರಿ ಮಾಡಿದಳು.

ಯಂತ್ರದಿಂದ ಫಲಿತಾಂಶ ಬಂದಾಗ ಪೊಟ್ಯಾಸಿಯಂ 12ರ ಹತ್ತಿರ. ಇರಬೇಕಾದದ್ದು 3.5ರಿಂದ 5ರೊಳಗೆ. ಕ್ಯಾಲ್ಸಿಯಂ ಇಲ್ಲವೇ ಇಲ್ಲ ಎನ್ನಬಹುದಾದಷ್ಟು. ಆ ಲೆಕ್ಕದಲ್ಲಿ ಆ ಹಿರಿಯರ ಹೃದಯ ನಿಂತುಹೋಗಿರಬೇಕು. ಅವರು ಹೊರಗಿನ ಬೆಂಚಿನಲ್ಲಿ ಕುಳಿತು ಪತ್ರಿಕೆ ಓದುತ್ತ ಕಾಫಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದರು. ನೇರಳೆ ಟ್ಯೂಬಿನೊಳಗೆ ಇಡಿಟಿಎ ಎಂಬ ಲವಣ ಇರುತ್ತದೆ. ಅದರಲ್ಲೇ ಪೊಟ್ಯಾಸಿಯಂ ಇದೆ, ಜೊತೆಗೆ ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದೆ ಇರುವುದು ಅದರಿಂದಲೇ. ಆ ರಕ್ತದ ಒಂದೆರಡು ಹನಿ ಕೆಂಪು ಟ್ಯೂಬಿಗೆ ಸೇರಿದರೂ ಫಲಿತಾಂಶ ಕೆಡುತ್ತದೆ. ಸೂಜಿಯಿಂದ ಯಾವ ಟ್ಯೂಬು ಮೊದಲು ತುಂಬಬೇಕು, ಯಾವುದು ಆಮೇಲೆ ಎಂಬ ಕ್ರಮ ಇರುವುದೂ ಇದಕ್ಕಾಗಿಯೇ: ತಿಳಿನೀಲಿ, ಕೆಂಪು, ಹಸಿರು, ನೇರಳೆ, ಕೊನೆಗೆ ಸಕ್ಕರೆ ಪರೀಕ್ಷೆಯ ಬೂದು. ಆ ವರದಿಯನ್ನು ಯಾರೂ ಗಮನಿಸದೆ ಕಳಿಸಿದ್ದರೆ, ವೈದ್ಯರು ಅದನ್ನು ನಂಬಿದ್ದರೆ, ಆರೋಗ್ಯವಾಗಿದ್ದ ಮನುಷ್ಯನಿಗೆ ಪೊಟ್ಯಾಸಿಯಂ ಇಳಿಸುವ ಚಿಕಿತ್ಸೆ ಶುರುವಾಗುತ್ತಿತ್ತು.

ಹುಡುಗಿಯನ್ನು ಗದರಲಿಲ್ಲ. ಗದರಬೇಕಾದವರು ಹಣ ತೆಗೆದುಕೊಂಡು ಕುಳಿತಿದ್ದರು. ಪ್ಲಾಸ್ಟಿಕ್ ಕೈಯಲ್ಲಿ ರಕ್ತ ಎಂದೂ ಕಡಿಮೆ ಬೀಳುವುದಿಲ್ಲ. ಕಡಿಮೆ ಬಿದ್ದಾಗ ಏನು ಮಾಡಬೇಕು, ಏನು ಮಾಡಲೇಬಾರದು ಎಂದು ಅವಳ ಪಕ್ಕದಲ್ಲಿ ನಿಂತು ಹೇಳುವವರು ವರ್ಷವಿಡೀ ಒಬ್ಬರೂ ಇರಲಿಲ್ಲ. ಅಂಕಪಟ್ಟಿಯಲ್ಲಿ ರಕ್ತ ಸಂಗ್ರಹಣೆಗೆ 92 ಅಂಕ.

ಆದ್ದರಿಂದ ಕಾಲೇಜಿನ ಮಂಚ, ಬೊಂಬೆ, ಯಂತ್ರ ನೋಡಿ ತೀರ್ಮಾನ ಮಾಡಬೇಡ. ಪರೀಕ್ಷೆ ನಡೆಸುವವರು ಯಾರು, ಪ್ರಮಾಣಪತ್ರದ ಮೇಲೆ ಯಾರ ಮುದ್ರೆ ಬೀಳುತ್ತದೆ ಎಂದು ಕೇಳು. ಅದಕ್ಕಿಂತ ಗಟ್ಟಿಯಾಗಿ ಕೇಳಬೇಕಾದದ್ದು, ಯಾವ ಆಸ್ಪತ್ರೆಯಲ್ಲಿ ಕಲಿಸುತ್ತೀರಿ, ವಾರಕ್ಕೆ ಎಷ್ಟು ಹೊತ್ತು, ಅಲ್ಲಿ ನಮ್ಮ ಪಕ್ಕದಲ್ಲಿ ನಿಲ್ಲುವವರು ಯಾರು ಎಂಬುದು. ಆಸ್ಪತ್ರೆಯ ಹೆಸರು ಬಾಯಿಂದ ಹೊರಡದಿದ್ದರೆ ಎದ್ದು ಬಾ.

ಕರ್ನಾಟಕದಲ್ಲಿ ಪ್ಯಾರಾ ಮೆಡಿಕಲ್ ಡಿಪ್ಲೊಮಾಗಳಿಗೆ ಪರೀಕ್ಷೆ ನಡೆಸುವುದು ಪ್ಯಾರಾ ಮೆಡಿಕಲ್ ಮಂಡಳಿ. ಲ್ಯಾಬ್, ಎಕ್ಸ್‌ರೇ, ಶಸ್ತ್ರಚಿಕಿತ್ಸಾ ಕೊಠಡಿ, ಡಯಾಲಿಸಿಸ್, ಕಣ್ಣಿನ ವಿಭಾಗ, ವೈದ್ಯಕೀಯ ದಾಖಲೆ, ಆರೋಗ್ಯ ನಿರೀಕ್ಷಕ ಹೀಗೆ ಬೇರೆ ಬೇರೆ ಇವೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಎರಡು ವರ್ಷ, ಎಸ್‌ಎಸ್‌ಎಲ್‌ಸಿ ಆಧಾರದ ಮೇಲೆ ಸೇರುವವರಿಗೆ ಮೂರು ವರ್ಷ. ನೀನು ಕಲೆ ಓದಿದ್ದರೂ ಎಸ್‌ಎಸ್‌ಎಲ್‌ಸಿ ಆಧಾರದ ಮೇಲೆ ಸೇರಬಹುದು. ಖಾಸಗಿ ಕಾಲೇಜುಗಳೂ ಇವೆ, ಸರ್ಕಾರಿ ವೈದ್ಯಕೀಯ ಕಾಲೇಜುಗಳ ಜೊತೆ ನಡೆಯುವವೂ ಇವೆ. ನಮ್ಮ ಹಿಮ್ಸ್, ಅಂದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಕಚೇರಿಯಲ್ಲಿ ವಿಚಾರಿಸು. ಅಲ್ಲಿ ಆಸ್ಪತ್ರೆ ಯಾವುದು ಎಂದು ಕೇಳುವ ಅಗತ್ಯವೇ ಇಲ್ಲ, ಚಾಮರಾಜೇಂದ್ರ ಆಸ್ಪತ್ರೆಯ ಸಾಲು ಗೇಟಿನವರೆಗೂ ಕಾಣುತ್ತದೆ. ಸಾಲು ಉದ್ದವಿದ್ದಷ್ಟೂ ಕಲಿಯುವವರಿಗೆ ಲಾಭ, ಇದನ್ನು ರೋಗಿಗಳ ಮುಂದೆ ಹೇಳಬಾರದು ಅಷ್ಟೆ.

2021ರಲ್ಲಿ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ. ಅದರ ಪ್ರಕಾರ ಸಹಾಯಕ ಆರೋಗ್ಯ ವೃತ್ತಿಪರರು ಎನ್ನಿಸಿಕೊಳ್ಳಲು ಕನಿಷ್ಠ 2,000 ಗಂಟೆಗಳ ಓದು ಬೇಕು, ಅದೂ ಎರಡರಿಂದ ನಾಲ್ಕು ವರ್ಷಗಳ ಅವಧಿಯಲ್ಲಿ. ಒಂದು ವರ್ಷದ ಕಾಗದ ಅದರ ಹೊಸ್ತಿಲವರೆಗೂ ಬರುವುದಿಲ್ಲ. ನಾಳೆ ನೋಂದಣಿ ಇಲ್ಲದವರನ್ನು ಇಟ್ಟುಕೊಳ್ಳಬೇಡಿ ಎಂದು ಬಿಗಿ ಮಾಡಿದರೆ ಮೊದಲು ಮನೆಗೆ ಹೋಗುವವರು ಇಂಥ ಕೋರ್ಸಿನವರು.

ಟೆಕ್ಸಾಸ್ ಮಾತು. ನಿನ್ನ ಅತ್ತೆಯ ಮಗಳ ಕೆಲಸ ಅಲ್ಲಿ ನಿಜವಾದ ಕಸುಬು. ವೈದ್ಯರ ಕ್ಲಿನಿಕ್ಕಿನಲ್ಲಿ ರೋಗಿಯನ್ನು ಒಳಗೆ ಕರೆದು ಬಿಪಿ, ತೂಕ, ಜ್ವರ ನೋಡಿ, ಏನು ತೊಂದರೆ ಎಂದು ಬರೆದುಕೊಂಡು, ಇಸಿಜಿ ತೆಗೆದು, ರಕ್ತ ತೆಗೆದು, ವಿಮೆಯ ಕಾಗದವನ್ನೂ ಅವರೇ ನೋಡುತ್ತಾರೆ. ಅಮೆರಿಕದ ಮೆಡಿಕಲ್ ಅಸಿಸ್ಟೆಂಟರ ಸಂಘವೇ ಒಂದು ಪ್ರಮಾಣೀಕರಣ ಪರೀಕ್ಷೆ ನಡೆಸುತ್ತದೆ. ಅಲ್ಲಿ ಓದಿ ಆ ಪರೀಕ್ಷೆಗೆ ಕುಳಿತುಕೊಳ್ಳುವವರು ಸಾಮಾನ್ಯವಾಗಿ ಬರುವುದು ಅಲ್ಲಿಯ ಮಾನ್ಯತಾ ಸಂಸ್ಥೆಗಳು ಒಪ್ಪಿದ ಕಾಲೇಜುಗಳಿಂದ. ಮೊಬೈಲ್ ಅಂಗಡಿಯ ಮೇಲಿನ ಕಾಲೇಜಿಗೂ ಅದಕ್ಕೂ ಹೆಸರಿನ ಹೊರತು ಯಾವ ನಂಟೂ ಇಲ್ಲ. ನಂಬಿಕೆ ಬಾರದಿದ್ದರೆ ನಿನ್ನ ಅತ್ತೆಯ ಮಗಳನ್ನೇ ಕೇಳು, ಅವಳು ಯಾವ ಪರೀಕ್ಷೆ ಬರೆದಳು ಎಂದು.

ವಿಜ್ಞಾನಕ್ಕೆ 84 ತೆಗೆದವಳು ನೀನು. ಲ್ಯಾಬಿಗೆ ಬಾ ಎನ್ನುತ್ತೇನೆ.


ಉತ್ತರ: ಅರಸೀಕೆರೆ ಪ್ಯಾಸೆಂಜರ್

ಮೇಲಿನ ಮೇಡಂ ಹೇಳಿದ್ದು ಅಕ್ಷರಶಃ ನಿಜ. ನಾನು ಇಂಥದ್ದೇ ಒಂದು ಕಡೆ ಸೇರಿದ್ದವನು, ಹಾಸನದಲ್ಲಲ್ಲ. ಇಂಟರ್ನ್‌ಶಿಪ್ ಎಂದು ಒಂದು ಕ್ಲಿನಿಕ್ಕಿಗೆ ಕಳಿಸಿದರು. ಅಲ್ಲಿ ನನ್ನ ಕೆಲಸ ಟೋಕನ್ ಕೊಡುವುದು, ಫೋನ್ ಎತ್ತುವುದು, ವೈದ್ಯರ ಕಾರಿಗೆ ಜಾಗ ಹಿಡಿಯುವುದು. ಒಂದು ದಿನವೂ ರೋಗಿಯ ಮೈ ಮುಟ್ಟಲಿಲ್ಲ. ಬಿಡುತ್ತೇನೆ ಎಂದಾಗ ಮೂಲ ಅಂಕಪಟ್ಟಿ ಅವರ ಬೀರುವಿನಲ್ಲಿತ್ತು. ಎರಡನೆಯ ಕಂತು ಪೂರ್ತಿ ಕಟ್ಟಿದ ಮೇಲೆಯೇ ಕೈಗೆ ಬಂತು. ಅಷ್ಟರಲ್ಲಿ ಐಟಿಐ ಪ್ರವೇಶದ ದಿನಾಂಕ ಮುಗಿದು ಹೋಗಿತ್ತು.

ತಂಗಿ, ಮೂಲ ಅಂಕಪಟ್ಟಿ ತೋರಿಸು, ಪರಿಶೀಲಿಸಲಿ, ಅಲ್ಲೇ ಹಿಂದಕ್ಕೆ ತೆಗೆದುಕೋ. ದೃಢೀಕರಿಸಿದ ಪ್ರತಿ ಕೊಟ್ಟರೆ ಸಾಕು. ಕೊಟ್ಟ ಹಣಕ್ಕೆಲ್ಲ ರಸೀದಿ ಇರಲಿ, ಅದರಲ್ಲಿ ಕೋರ್ಸಿನ ಹೆಸರು ಸ್ಪಷ್ಟವಾಗಿ ಇರಲಿ. ನನಗೆ ಕೊಟ್ಟ ರಸೀದಿಯಲ್ಲಿ ಇದ್ದದ್ದು ‘ದೇಣಿಗೆ’ ಎಂದು.


ಉತ್ತರ: ರಾತ್ರಿ ಪಾಳಿ, ಚಿಕ್ಕಮಗಳೂರು

ನಾನು ಚಿಕ್ಕಮಗಳೂರಿನ ಒಂದು ನರ್ಸಿಂಗ್ ಹೋಮ್‌ನಲ್ಲಿ ವಾರ್ಡ್ ಉಸ್ತುವಾರಿ ನೋಡಿಕೊಳ್ಳುವ ನರ್ಸ್. ಗಂಡಸು, ನರ್ಸ್ ಎಂದರೆ ಹೆಂಗಸು ಎಂದುಕೊಂಡು ಎಲ್ಲರೂ ‘ಸಿಸ್ಟರ್’ ಎಂದೇ ಕರೆಯುವುದರಿಂದ ಮೊದಲೇ ಹೇಳಿಬಿಡುತ್ತೇನೆ.

ಲ್ಯಾಬ್ ಮೇಡಂ ಹೇಳಿದ ಎಚ್ಚರಿಕೆಗಳಿಗೆಲ್ಲ ನನ್ನ ಒಪ್ಪಿಗೆ ಇದೆ. ಆದರೆ ಅವರು ಹುಡುಗಿಯ ಪ್ರಶ್ನೆಯಲ್ಲಿ 84 ಅಂಕವನ್ನು ಓದಿದರು, ಅಜ್ಜಿಯನ್ನು ಓದಲಿಲ್ಲ. ನಾನು ಅಜ್ಜಿಯ ವಿಷಯವನ್ನು ಎರಡು ಸಲ ಓದಿದೆ.

ತಂಗಿ, ಒಂದು ಪ್ರಶ್ನೆ ಕೇಳುತ್ತೇನೆ. ಅಜ್ಜಿಗೆ ಹಾಸಿಗೆ ಹುಣ್ಣು ಆಗಿತ್ತೇ?

ಯಾಕೆ ಕೇಳಿದೆ ಎಂದರೆ, ಪಾರ್ಶ್ವವಾಯುವಾದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನ ಬುಡದಲ್ಲಿ, ಹಿಮ್ಮಡಿಯಲ್ಲಿ, ಸೊಂಟದ ಮೂಳೆಯ ಮೇಲೆ ಮೊದಲು ಕೆಂಪಾಗುತ್ತದೆ, ಒತ್ತಿದರೂ ಆ ಕೆಂಪು ಮಾಸುವುದಿಲ್ಲ. ಆಗಲೇ ನೋಡದಿದ್ದರೆ ಚರ್ಮ ಕಿತ್ತು ಬರುತ್ತದೆ. ದೊಡ್ಡ ದೊಡ್ಡ ಆಸ್ಪತ್ರೆಗಳಿಂದ ಬಿಡುಗಡೆಯಾಗಿ ಬಂದವರ ಬೆನ್ನು ತಿರುಗಿಸಿ ನೋಡಿದಾಗ ಅಲ್ಲಿಯ ವಾರ್ಡು ಹೇಗಿತ್ತು ಎಂದು ನನಗೆ ತಿಳಿಯುತ್ತದೆ. ಮೂಗಿನ ಕೊಳವೆಯಲ್ಲಿ ಗಂಜಿ ಹಾಕುವಾಗಲೂ ಹಾಗೆಯೇ. ತಲೆ ಎತ್ತರಿಸಿ ಕೂರಿಸದೆ, ಕೊಳವೆ ಹೊಟ್ಟೆಯಲ್ಲೇ ಇದೆಯೇ ಎಂದು ನೋಡದೆ ಹಾಕಿದರೆ ಗಂಜಿ ಶ್ವಾಸಕೋಶಕ್ಕೆ ಹೋಗುತ್ತದೆ. ಇದನ್ನು ಮನೆಯಲ್ಲಿ ಮಾಡಿದವಳು ನೀನು. ಟ್ಯೂಬಿನ ಮುಚ್ಚಳದ ಬಣ್ಣಗಳನ್ನು ಒಂದು ವಾರದಲ್ಲಿ ಕಲಿಸಬಹುದು, ಹೇಸಿಕೆ ಇಲ್ಲದೆ ಒಬ್ಬರ ಮೈ ಒರೆಸುವುದನ್ನು ಕಲಿಸಲು ನನಗೆ ಇದುವರೆಗೂ ದಾರಿ ಸಿಕ್ಕಿಲ್ಲ. (ಮೇಡಂ ಸಿಟ್ಟಾಗಬಾರದು.)

ಮನೆಯ ಪರಿಸ್ಥಿತಿ ನೋಡಿದರೆ ಮೂರು ವರ್ಷ ಕಾಯಲು ಆಗುವುದೇ ಇಲ್ಲ ಎನ್ನುವವರಿಗೆ ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬ ಅಲ್ಪಾವಧಿಯ ತರಬೇತಿ ಇದೆ, ಕೌಶಲ ಯೋಜನೆಗಳಡಿ ಕೆಲವು ಕಡೆ ಉಚಿತವಾಗಿಯೇ ಕೊಡುತ್ತಾರೆ. ಹಾಸಿಗೆ ಸಿದ್ಧ ಮಾಡುವುದು, ರೋಗಿಯನ್ನು ಗಾಲಿಕುರ್ಚಿಗೆ ಇಳಿಸುವುದು, ಮೂತ್ರದ ಚೀಲದ ಅಳತೆ ಬರೆಯುವುದು, ಮೈ ಒರೆಸುವುದು ಇವೆಲ್ಲ ಅದರಲ್ಲಿ ಬರುತ್ತವೆ. ಚುಚ್ಚುಮದ್ದು ಕೊಡುವ ಅಧಿಕಾರ ಇಲ್ಲ. ಅದಕ್ಕೆ 72,000 ಕೊಡುವ ಮಾತೇ ಇಲ್ಲ. ನಮ್ಮಲ್ಲಿ ಹಾಗೆ ಬಂದವರಿಗೆ ಶುರುವಿನಲ್ಲಿ 11,000 ಕೊಡುತ್ತಾರೆ. ಹೆಚ್ಚೇನೂ ಅಲ್ಲ.

ನಿನಗೆ ನಾನು ಹೇಳುವುದು ಜಿಎನ್‌ಎಂ. ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ. ಬಿ.ಎಸ್ಸಿ. ನರ್ಸಿಂಗ್‌ಗೆ ವಿಜ್ಞಾನ ಬೇಕೇ ಬೇಕು, ಜಿಎನ್‌ಎಂಗೆ ಹಾಗಿಲ್ಲ. ಯಾವುದೇ ವಿಭಾಗದಲ್ಲಿ ಪಿಯುಸಿ ಪಾಸಾಗಿ ಶೇಕಡಾ 40 ಇದ್ದು, ಇಂಗ್ಲಿಷ್ ಓದಿದ್ದರೆ ಆಯಿತು. ಮುಗಿಸಿ ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡರೆ ದೇಶದಲ್ಲಿ ಎಲ್ಲಿ ಬೇಕಾದರೂ ಕೆಲಸಕ್ಕೆ ಕೇಳಬಹುದು. ಆಮೇಲೆ ಎರಡು ವರ್ಷ ಓದಿ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಎಂಬ ನರ್ಸಿಂಗ್ ಪದವಿ ಮಾಡಿಕೊಳ್ಳಬಹುದು. ನಿನ್ನ ಅತ್ತೆಯ ಮಗಳ ದೇಶಕ್ಕೆ ಹೋಗುವ ಆಸೆ ಇದ್ದರೂ ನಮ್ಮವರು ಹೋಗುತ್ತಿರುವುದು ನರ್ಸಿಂಗ್ ದಾರಿಯಲ್ಲಿ. ಇನ್ನೊಂದು ನರ್ಸಿಂಗ್ ಕೋರ್ಸ್ ಎಎನ್‌ಎಂ, ಎರಡು ವರ್ಷ, ಹೆಣ್ಣುಮಕ್ಕಳಿಗೆ ಮಾತ್ರ. ನಿಮ್ಮೂರಿನ ಉಪಕೇಂದ್ರಕ್ಕೆ ಲಸಿಕೆ ಹಾಕಲು ಬರುವ ಸಿಸ್ಟರ್ ಓದಿರುವುದು ಬಹುಶಃ ಅದನ್ನೇ.


ಉತ್ತರ: ನೇರಳೆ ಮುಚ್ಚಳ, ಹಾಸನ

ಸಿಟ್ಟೇನೂ ಇಲ್ಲ ಬ್ರದರ್. ಆದರೆ ಬಣ್ಣಗಳನ್ನು ಒಂದು ವಾರದಲ್ಲಿ ಕಲಿಸಬಹುದು ಎಂದಿರಲ್ಲ, ಒಂದು ವಾರ ಕಲಿತವರು ನಿಮ್ಮ ವಾರ್ಡುಗಳಿಂದ ಕಳಿಸುವ ಮಾದರಿಗಳನ್ನು ದಿನವೂ ತಿರಸ್ಕರಿಸುವವಳು ನಾನು. ಬೆಳಿಗ್ಗೆ ಆರಕ್ಕೆ ತೆಗೆದ ಸಕ್ಕರೆಯ ರಕ್ತವನ್ನು ಬೂದು ಟ್ಯೂಬಿಗೆ ಹಾಕದೆ ಹತ್ತಕ್ಕೆ ಕಳಿಸುತ್ತಾರೆ. ಅಷ್ಟು ಹೊತ್ತಿಗೆ ರಕ್ತಕಣಗಳೇ ಆ ಸಕ್ಕರೆಯಲ್ಲಿ ಒಂದಷ್ಟನ್ನು ತಿಂದು ಮುಗಿಸಿರುತ್ತವೆ. ವರದಿಯಲ್ಲಿ ಸಕ್ಕರೆ ಚೆನ್ನಾಗಿದೆ ಎಂದು ಬರುತ್ತದೆ, ರೋಗಿ ಮನೆಗೆ ಹೋಗಿ ಹೋಳಿಗೆ ತಿನ್ನುತ್ತಾನೆ. 2024ರ ಮಳೆಗಾಲದಲ್ಲಿ ಡೆಂಗಿ ಪರೀಕ್ಷೆಗೆ ಸರ್ಕಾರ 300 ರೂಪಾಯಿ ದರ ನಿಗದಿ ಮಾಡಿದಾಗ ಜನ ಮುಗಿಬಿದ್ದಿದ್ದರು. ಆಗ ಪ್ಲೇಟ್‌ಲೆಟ್ ಎಣಿಕೆಗೆ ಬಂದ ಎಷ್ಟೋ ಟ್ಯೂಬುಗಳು ಅಲ್ಲಾಡಿಸದೆ ಬಿಟ್ಟು ಹೆಪ್ಪುಗಟ್ಟಿದ್ದವು. ತುಂಬಿದ ಕೂಡಲೇ ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿದ್ದರೆ ಸಾಕಿತ್ತು. ಹೆಪ್ಪಾದ ರಕ್ತದಲ್ಲಿ ಪ್ಲೇಟ್‌ಲೆಟ್ ಸುಳ್ಳೇ ಕಡಿಮೆ ಬರುತ್ತದೆ, ಮನೆಯವರು ರಾತ್ರೋರಾತ್ರಿ ಬೆಂಗಳೂರಿಗೆ ಆಂಬುಲೆನ್ಸ್ ಮಾಡುತ್ತಾರೆ.

ಅಜ್ಜಿಯ ಮಾತು ಮಾತ್ರ ಒಪ್ಪಿದೆ. ಜಿಎನ್‌ಎಂ ಸೇರಿದರೂ ಸರಿ. ಎರಡರಲ್ಲಿ ಯಾವುದಾದರೂ ಆ ಮಹಡಿ ಹತ್ತುವುದಕ್ಕಿಂತ ಮೇಲು.


ಉತ್ತರ: ಬಣಕಲ್ ಹುಡುಗಿ

ಎಲ್ಲರಿಗೂ ಧನ್ಯವಾದ. ಹಣ ಕಟ್ಟಿಲ್ಲ.

ಮೊದಲು ಅಣ್ಣನ ಪ್ರಶ್ನೆಗೆ ಉತ್ತರ. ಶುರುವಿನಲ್ಲಿ ಬೆನ್ನ ಬುಡದಲ್ಲಿ ಒಂದು ಹುಣ್ಣಾಗಿತ್ತು, ಎರಡು ರೂಪಾಯಿ ನಾಣ್ಯದಷ್ಟು. ಆಸ್ಪತ್ರೆಯಿಂದ ಮನೆಗೆ ಕರೆತಂದಾಗಲೇ ಅದು ಇತ್ತು. ಆರೋಗ್ಯ ಕೇಂದ್ರದ ಸಿಸ್ಟರ್ ಬಂದು ಡ್ರೆಸ್ಸಿಂಗ್ ಮಾಡಿ, ಮಗ್ಗುಲು ಬದಲಿಸಿ ಬೆನ್ನ ಹಿಂದೆ ದಿಂಬು ಕೊಡುವುದನ್ನು ತೋರಿಸಿದರು. ಆಮೇಲೆ ಮಾಯಿತು, ಮತ್ತೆ ಆಗಲಿಲ್ಲ. ರಾತ್ರಿ ಅಪ್ಪ ಮತ್ತು ನಾನು ಸರದಿಯ ಮೇಲೆ ಏಳುತ್ತಿದ್ದೆವು. ಮಳೆಗಾಲದಲ್ಲಿ ಬಟ್ಟೆ ಒಣಗದೆ ಹಾಸಿಗೆ ತೇವವಾಗುವುದೇ ದೊಡ್ಡ ತಾಪತ್ರಯ. ಕಾಫಿ ಒಣಗಿಸುವ ತೋಟದ ಮನೆಯಲ್ಲಿ ಬೆಂಕಿ ಹಾಕಿದಾಗ ಅಲ್ಲಿ ಹರಡುತ್ತಿದ್ದೆವು.

ಮೊನ್ನೆ ಮಾವನ ಜೊತೆ ಹಾಸನಕ್ಕೆ ಹೋಗಿ ಮೇಡಂ ಹೇಳಿದ ಹಾಗೆ ಕೇಳಿದೆ. ಪರೀಕ್ಷೆ ಯಾರದ್ದು ಎಂದರೆ ‘ನಮ್ಮ ಟ್ರಸ್ಟಿನದ್ದೇ, ಐಎಸ್‌ಒ ಇದೆ’ ಎಂದರು. ಐಎಸ್‌ಒ ಎಂದರೆ ಏನು ಎಂದು ಮಾವ ಕೇಳಿದರು, ಅದು ಅಂತರರಾಷ್ಟ್ರೀಯ ಎಂದರು. ಯಾವ ಆಸ್ಪತ್ರೆ ಎಂದರೆ ‘ಹಲವು ಆಸ್ಪತ್ರೆಗಳ ಜೊತೆ ಒಪ್ಪಂದವಿದೆ, ಸೇರಿದ ಮೇಲೆ ತಿಳಿಸುತ್ತೇವೆ’. ಒಂದರ ಹೆಸರಾದರೂ ಹೇಳಿ ಎಂದೆ. ಆ ಮನುಷ್ಯ ನನ್ನನ್ನು ಬಿಟ್ಟು ಮಾವನ ಜೊತೆ ಮಾತಾಡಲು ಶುರು ಮಾಡಿದರು, ಮಗು ತುಂಬ ಬುದ್ಧಿವಂತೆ ಎಂದು. ನಾವು ಎದ್ದಾಗ 10,000 ಕಡಿಮೆ ಮಾಡುತ್ತೇವೆ ಎಂದರು. ಮೆಟ್ಟಿಲು ಇಳಿಯುವಾಗ ಇನ್ನೂ 5,000 ಕಡಿಮೆಯಾಯಿತು. ಮಾವ ನಗುತ್ತ, ಬಸ್ ಸ್ಟ್ಯಾಂಡ್‌ವರೆಗೂ ಅವರನ್ನು ಕರೆದುಕೊಂಡು ಹೋದರೆ ಅವರೇ ನಮಗೆ ಕೊಡುತ್ತಾರೇನೋ ಎಂದರು.

ಅಲ್ಲಿಂದ ಹಿಮ್ಸ್‌ಗೆ ಹೋಗಿ ವಿಚಾರಿಸಿದೆವು. ಪ್ರವೇಶದ ಪ್ರಕಟಣೆ ಬಂದಾಗ ಅರ್ಜಿ ಹಾಕಬೇಕು, ಆಗಾಗ ವೆಬ್‌ಸೈಟ್ ನೋಡುತ್ತಿರಿ ಎಂದರು. ಅತ್ತೆಯ ಮಗಳಿಗೂ ಫೋನ್ ಮಾಡಿದೆ. ಅವಳು ಅಲ್ಲಿಯ ಕಾಲೇಜಿನಲ್ಲಿ ಓದಿ, ಅಲ್ಲಿಯ ಪರೀಕ್ಷೆ ಬರೆದಿದ್ದಾಳೆ, ಇಲ್ಲಿಯ ಸರ್ಟಿಫಿಕೇಟ್ ಯಾರೂ ಕೇಳುವುದಿಲ್ಲ ಎಂದಳು. ಇದನ್ನು ಕೇಳಿದ ಮೇಲೆ ಅಪ್ಪ ಸುಮ್ಮನಾದರು.

ನನಗೆ ಜಿಎನ್‌ಎಂ ಕಡೆಗೇ ಮನಸ್ಸಿದೆ. ಅಪ್ಪನ ಯೋಚನೆ ಹಣದ್ದು. ತಮ್ಮ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಮೂರು ವರ್ಷದ ಶುಲ್ಕ, ಹಾಸ್ಟೆಲ್ ಹೇಗೆ ಎನ್ನುತ್ತಿದ್ದಾರೆ. ದಿನವೂ ಓಡಾಡಬಹುದೇ, ವಿದ್ಯಾರ್ಥಿವೇತನ ಸಿಗುತ್ತದೆಯೇ?


ಉತ್ತರ: ರಾತ್ರಿ ಪಾಳಿ, ಚಿಕ್ಕಮಗಳೂರು

ಓಡಾಟ ಬೇಡ. ಎರಡನೆಯ ವರ್ಷದಿಂದ ರಾತ್ರಿ ಪಾಳಿ ಹಾಕುತ್ತಾರೆ, ಬಣಕಲ್‌ನಿಂದ ಆಗದ ಮಾತು. ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ, ನಿಜ. ಆದರೆ ನಮ್ಮ ಮಲೆನಾಡಿನಲ್ಲಿ ಬೇಕಾದ ಹೊತ್ತಿಗೆ ಬರುವುದು ಖಾಸಗಿ ಬಸ್ಸು, ಅದರಲ್ಲಿ ಟಿಕೆಟ್ ಕೊಡಲೇಬೇಕು. ರಜೆಗೆ ಊರಿಗೆ ಹೋಗಿ ಬರಲು ಶಕ್ತಿ ಸಾಕು.

ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಮತ್ತು ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳು ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಇವೆ. ಪ್ರವೇಶ ಆದ ಕೂಡಲೇ ಅರ್ಜಿ ಹಾಕು, ತಡ ಮಾಡಿದರೆ ಜಾಗ ಇರುವುದಿಲ್ಲ. ಕಾಲೇಜು ಆರಿಸುವಾಗ ಕರ್ನಾಟಕ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಈ ವರ್ಷಕ್ಕೆ ಇದೆಯೇ ಎಂದು ನೋಡು, ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ ಹಳೆಯ ಕಾಗದ ತೋರಿಸಿದರೆ ನಂಬಬೇಡ. ಆ ಕಾಲೇಜಿನ ಆಸ್ಪತ್ರೆಗೆ ಸಂಜೆ ಐದರ ಹೊತ್ತಿಗೆ, ಹೇಳದೆ ಕೇಳದೆ ಹೋಗಿ ವಾರ್ಡುಗಳಲ್ಲಿ ರೋಗಿಗಳು ಇದ್ದಾರೆಯೇ ಎಂದು ನೋಡಿ ಬಾ. ಬೆಳಿಗ್ಗೆ ತಪಾಸಣೆಗೆ ಬರುವವರ ಮುಂದೆ ಮಂಚಗಳು ತುಂಬಿರುತ್ತವೆ. ಸಂಜೆ ಐದಕ್ಕೆ ನಿಜ ಕಾಣುತ್ತದೆ.

ನಾಣ್ಯದಷ್ಟು ಹುಣ್ಣನ್ನು ಮಲೆನಾಡಿನ ಮಳೆಯಲ್ಲಿ ಮಾಯಿಸಿದ್ದೀರಿ. ಅಪ್ಪನಿಗೂ ನನ್ನ ನಮಸ್ಕಾರ ಹೇಳು.


ಉತ್ತರ: ನೇರಳೆ ಮುಚ್ಚಳ, ಹಾಸನ

ಐಎಸ್‌ಒ ಎಂದರೆ ಕಚೇರಿ ನಡೆಸುವ ಪದ್ಧತಿಗೆ ಕೊಡುವ ಪ್ರಮಾಣಪತ್ರ, ಓದಿಗೆ ಕೊಡುವ ಮಾನ್ಯತೆಯಲ್ಲ. ಬಿಸ್ಕತ್ತಿನ ಕಾರ್ಖಾನೆಗೂ ಇರಬಹುದು.

ಹಣದ ವಿಷಯ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಎಸ್‌ಎಸ್‌ಪಿ ಎನ್ನುತ್ತಾರೆ, ಅದರಲ್ಲಿ ಒಂದೇ ಅರ್ಜಿ ಹಾಕಿದರೆ ಸಂಬಂಧಪಟ್ಟ ಇಲಾಖೆಗೆ ಹೋಗುತ್ತದೆ. ಮಾನ್ಯತೆ ಇಲ್ಲದ ಕೋರ್ಸು ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಕಾಲೇಜು ಅಸಲಿಯೋ ನಕಲಿಯೋ ನೋಡಲು ಇದೂ ಒಂದು ದಾರಿ. ಇನ್ನೊಂದನ್ನು ತೋಟದವರು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಅಪ್ಪನ ತೋಟದವರು ಕಾರ್ಮಿಕ ಕಲ್ಯಾಣ ನಿಧಿಗೆ ವಂತಿಗೆ ಕಟ್ಟುತ್ತಿದ್ದರೆ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಯಿಂದ ಮಕ್ಕಳ ಓದಿಗೆ ಪ್ರೋತ್ಸಾಹಧನ ಬರುತ್ತದೆ. ಅಪ್ಪನೇ ರೈಟರ್ ಆಗಿರುವುದರಿಂದ ಆ ಕಾಗದ ಯಾವ ಕಡತದಲ್ಲಿದೆ ಎಂದು ಅವರಿಗೇ ಗೊತ್ತಿರುತ್ತದೆ.

ವಾರ್ಡಿಗೆ ಕಾಲಿಡುವ ಮೊದಲು ಹೆಪಟೈಟಿಸ್ ಬಿ ಲಸಿಕೆ ಮುಗಿಸಿಕೋ. ಮೂರು ಡೋಸ್: ಇಂದು ಒಂದು ಹಾಕಿಸಿದರೆ ತಿಂಗಳಿಗೆ ಇನ್ನೊಂದು, ಆರನೆಯ ತಿಂಗಳಿಗೆ ಮೂರನೆಯದು. ಹಾಗಾಗಿ ಕಾಲೇಜು ಶುರುವಾಗಲಿ ಎಂದು ಕಾಯಬೇಡ, ಈಗಲೇ ಶುರು ಮಾಡು. ಬಳಸಿದ ಸೂಜಿಗೆ ಮುಚ್ಚಳ ಹಾಕಬೇಡ, ನೇರವಾಗಿ ಸೂಜಿಯ ಬಿಳಿ ಡಬ್ಬಿಗೆ ಹಾಕು. ಯಾವ ಹಿರಿಯರು ಹೇಳಿದರೂ ಮುಚ್ಚಳ ಹಾಕಬೇಡ. ಚುಚ್ಚಿಕೊಂಡರೆ ಮುಚ್ಚಿಡದೆ ಕೂಡಲೇ ಹೇಳು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಬೈಸಿಕೊಳ್ಳುವ ಭಯಕ್ಕೆ ಹುಡುಗಿಯರು ಎರಡು ದಿನ ಬಿಟ್ಟು ಹೇಳುತ್ತಾರೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಿಮ್ಮ ನಾಡಕಚೇರಿಯಲ್ಲಿ ಈ ವಾರವೇ ಅರ್ಜಿ ಕೊಡು. ಪ್ರವೇಶದ ಸಮಯದಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಸರ್ವರ್ ಬೇರೆ ಕೈಕೊಡುತ್ತದೆ. ನಿನ್ನ ಹೆಸರು, ಅಪ್ಪನ ಹೆಸರು ಆಧಾರ್‌ನಲ್ಲಿ, ಅಂಕಪಟ್ಟಿಯಲ್ಲಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಒಂದೇ ರೀತಿ ಇರಲಿ. ಇನಿಷಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇದ್ದ ಕಾರಣಕ್ಕೆ ನನ್ನ ಮಗಳ ವಿದ್ಯಾರ್ಥಿವೇತನ ಒಂದು ವರ್ಷ ನಿಂತಿತ್ತು.


ಉತ್ತರ: ಬಣಕಲ್ ಹುಡುಗಿ

ಮೇಡಂ, ಆಧಾರ್‌ನಲ್ಲಿ ಅಪ್ಪನ ಹೆಸರಿಗೆ ‘ಗೌಡ’ ಸೇರಿದೆ, ನನ್ನ ಅಂಕಪಟ್ಟಿಯಲ್ಲಿ ಇಲ್ಲ. ಮೊದಲು ಯಾವುದನ್ನು ಸರಿ ಮಾಡಿಸಬೇಕು?


ಉತ್ತರ: ನೇರಳೆ ಮುಚ್ಚಳ, ಹಾಸನ

ಆಧಾರ್. ಅಂಕಪಟ್ಟಿ ಮುಟ್ಟಲು ಹೋಗಬೇಡ, ಅದು ಬೆಂಗಳೂರಿನವರೆಗೆ ಹೋಗುವ ಕೆಲಸ. ಅಪ್ಪನ ಬೇರೆ ದಾಖಲೆಗಳಲ್ಲಿ ಹೆಸರು ಹೇಗಿದೆ ಎಂದು ನೋಡಿಕೊಂಡು, ಗುರುತಿನ ದಾಖಲೆ ತೆಗೆದುಕೊಂಡು ಮೂಡಿಗೆರೆಯ ಆಧಾರ್ ಕೇಂದ್ರಕ್ಕೆ ಬೆಳಿಗ್ಗೆಯೇ ಹೋಗಲಿ. ಪಹಣಿ, ಪಾಸ್‌ಬುಕ್ ಎಲ್ಲದರಲ್ಲೂ ‘ಗೌಡ’ ಇದ್ದರೆ ಮಾತ್ರ ನಿಲ್ಲಿಸಿ ಇಲ್ಲಿ ಮತ್ತೆ ಬರೆ, ಆಗ ಬೇರೆ ದಾರಿ ನೋಡೋಣ.